ಲೆಮಿಯಾಳ ಪಾಲಿನ ಹೆಂಡ

ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ, ಬಾಗಿಲಿಗೊಂದು ಸಂಸಾರವಿದ್ದ ಇಪ್ಪತ್ತೆರಡು ಬಾಗಿಲಿನ ಆ ಉದ್ದಮನೆಯಲ್ಲಿ ಸತ್ತವರ ಹಬ್ಬ ಇಪ್ಪತ್ತಾರು ವರ್ಷದ ಮೇಲೆ ಬರುತ್ತಿತ್ತು. ಅಷ್ಟು ವರ್ಷಗಳಲ್ಲಿ ತೀರಿಕೊಂಡ ನಲವತ್ತೊಂದು ಜನರೂ ಅಂದು ಅತಿಥಿಗಳಾಗಿ ಮನೆಗೆ ಬರುತ್ತಾರೆ. ಮನೆಯವರ ನಡುವೆ ಕೂತು ಉಂಡು, ಬೆಳಗಾಗುವಾಗ ಮತ್ತೆಂದೂ ಬಾರದಂತೆ ಹೊರಟುಹೋಗುತ್ತಾರೆ. ಒಬ್ಬೊಬ್ಬರಿಗೂ ಒಂದು ಪುಟ್ಟ ಬುಟ್ಟಿ, ಬುಟ್ಟಿಯೊಳಗೊಂದು ಬಿದಿರ ಕೊಳವೆ, ಕೊಳವೆ ತುಂಬ ಅಕ್ಕಿಯ ಹೆಂಡ. ಬುಟ್ಟಿ ಹೆಣೆಯುವುದು ಹೆಂಗಸರ ಕೆಲಸ. ಆ ಹೆಂಡ ಕುಡಿಯುವ ಹಕ್ಕು ಮಾತ್ರ ಯುದ್ಧದಲ್ಲಿ ಕೊಂದ ಕೈಯವರದು. ಕುಡಿಯುವ ಮೊದಲು ಏನು ಮಾಡಿದೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಸುಳ್ಳು ಹೇಳಿ ಕುಡಿದವನು ಆ ವರ್ಷ ದಾಟುವುದಿಲ್ಲ.

ಹಬ್ಬಕ್ಕೆ ಮೂರು ತಿಂಗಳಿರುವಾಗ ಒಂದು ಸಂಜೆ ಜಗಲಿಯ ಚಾಪೆಗಳ ಮೇಲೆ ಎಲ್ಲರೂ ಸೇರಿದ್ದರು.

"ಜೆಲುವನ್ ಮಾವ ಇನ್ನೊಂದು ವರ್ಷ ತಡ್ಕೊಂಡಿದ್ರೆ ಏನಾಗ್ತಿತ್ತು?" ಎಂದು ಮನೆಯ ಯಜಮಾನ ಉಂಜಾ ತಲೆ ಕೆರೆದುಕೊಂಡ. ಹಕ್ಕಿನಿಂದ ಕುಡಿಯಬಲ್ಲವನೆಂದು ಆ ಮನೆಗೆ ಇದ್ದವನು ಜೆಲುವನ್ ಒಬ್ಬನೇ. ಕಳೆದ ಮಳೆಗಾಲದಲ್ಲಿ ಅವನೇ ತೀರಿಕೊಂಡು ಬುಟ್ಟಿ ಹೆಣೆಸಿಕೊಳ್ಳುವವರ ಸಾಲಿಗೆ ಸೇರಿದ್ದ.

"ಊಟಕ್ಕೂ ಅವಸರ, ಸಾಯೋಕೂ ಅವಸರ ಅವನಿಗೆ" ಎಂದಳು ಬುಟ್ಟಿ ಹೆಣೆಯುತ್ತಿದ್ದ ಮುದುಕಿ ಸುಲಾಂಗ್.

"ಹೊರಗಿಂದ ಗಾನೀನ ಕರೆಸೋಣ. ಇನ್ನೇನು ಮಾಡೋದು?"

"ಆ ಆಚೆ ನದಿಯೋನಾ? ಒಬ್ಬನ್ನ ಕೊಂದಿದ್ದನ್ನ ಒಂಬತ್ತು ಸಲ ಹೇಳ್ತಾನೆ. ಕೇಳೋಕೆ ಬಂದ ಸತ್ತೋರು ಇನ್ನೊಂದ್ಸಲ ಸಾಯ್ತಾರೆ."

ಚಾಪೆಗಳ ಮೇಲೆಲ್ಲ ನಗು ಹರಿಯಿತು. ಅದರ ನಡುವೆ ಯಾರೋ, "ನಮ್ಮ ಎಂಪಲಿಂಗ್ ಮಾವ ಇಲ್ವಾ? ನಾಲ್ಕು ವರ್ಷ ಮಲಯಾದ ಕಾಡಲ್ಲಿ ಬಿಳಿಯರ ಸೈನ್ಯಕ್ಕೆ ದಾರಿ ತೋರಿಸಿ ಬಂದೋರು" ಎಂದರು.

"ಇದ್ದಾನಪ್ಪ, ಯಾರು ಇಲ್ಲ ಅಂದ್ರು? ನಾಲ್ಕು ವರ್ಷ ಹೆಜ್ಜೆ ನೋಡ್ಕೊಂಡು ನಡೆದ. ಇವನು ಕೊಂದಿದ್ದು ಬರೀ ಸೊಳ್ಳೆ, ಜಿಗಣೆ" ಎಂದಳು ಸುಲಾಂಗ್.

ಎಂಪಲಿಂಗ್ ಅಜ್ಜನೂ ಎಲ್ಲರ ಜೊತೆ ನಕ್ಕ. ಐವತ್ತು ವರ್ಷದಿಂದ ಕೇಳುತ್ತ ಬಂದಿದ್ದ ಗೇಲಿ ಅದು. ಒಂದು ಲೆಕ್ಕದಲ್ಲಿ ಅವನೇ ಸಾಕಿಕೊಂಡು ಬಂದದ್ದು.

"ಲೆಮಿಯಾ ಅತ್ತೆ ಪಾಲಿನದು?" ಎಂದು ಉಂಜಾ ಕೇಳಿ, ತಾನೇ ಉತ್ತರ ಹೇಳಿಕೊಂಡ. "ಅದೂ ಗಾನೀಗೇ ಹೋಗ್ಲಿ."

ಅಜ್ಜನ ನಗು ಅಲ್ಲಿಗೆ ನಿಂತಿತು. ಲೆಮಿಯಾ ಅವನ ಹೆಂಡತಿ. ಹೋಗಿ ಒಂಬತ್ತು ವರ್ಷ. ಅವಳ ಪಾಲಿನ ಹೆಂಡವನ್ನು ಯಾರೋ ಬಾಯಿಬಡುಕ ಗಟಗಟ ಕುಡಿದು ಬಾಯೊರೆಸಿಕೊಳ್ಳುತ್ತಾನೆ, ಅವಳು ಅದನ್ನು ನೋಡಿ ಹೊರಟುಹೋಗುತ್ತಾಳೆ. 'ನಾನು ಕುಡೀತೀನಿ' ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಅವನಿಗೆ ಆ ಹಕ್ಕಿತ್ತು. ಆದರೆ ಕುಡಿಯಬೇಕಾದರೆ ಹೇಳಬೇಕಿತ್ತು. ಅವನು ಎದ್ದು, ಕಾಲು ಜೋಮು ಹಿಡಿದಿದೆ ಎಂದು ಗೊಣಗುತ್ತ ಒಳಗೆ ಹೋದ.

ಅವನೂ ಜೆಲುವನ್ನೂ ಒಟ್ಟಿಗೇ ಮನೆ ಬಿಟ್ಟವರು, ಇಪ್ಪತ್ತೊಂದರ ಪ್ರಾಯದಲ್ಲಿ. ಆ ವಯಸ್ಸಿಗೆ ಹೊರನಾಡು ಸುತ್ತಿ ಬಂದಿರದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲದ ಕಾಲ. ಮಲಯಾದ ಕಾಡಿನಲ್ಲಿ ಅಡಗಿದ್ದ ಕೆಂಪು ಸೈನ್ಯದ ಬಂಡುಕೋರರನ್ನು ಹುಡುಕಲು ತಮ್ಮ ಇಬಾನ್ ಜನದ ಹುಡುಗರು ಬೇಕೆಂದು ಸುದ್ದಿ ಬಂದಾಗ ಇಬ್ಬರೂ ಹಡಗು ಹತ್ತಿದರು. ಅಲ್ಲಿ ಅವರ ಪಾಲಿಗೆ ಬಂದ ಸಿಪಾಯಿಗಳು ಇನ್ನೂ ಮೀಸೆ ಬಲಿಯದ ಬಿಳಿಯ ಹುಡುಗರು. ಕಾಡಲ್ಲಿ ಆನೆಗಳಂತೆ ಸದ್ದು ಮಾಡುವವರು. ಮೈಗೆ ಸೋಪು ಹಚ್ಚಿಕೊಂಡು ಹರದಾರಿ ದೂರಕ್ಕೆ ವಾಸನೆ ಬಿಡುವವರು. ಮೊದಲ ವಾರವೇ ಎಂಪಲಿಂಗ್ ಅವರ ಸೋಪುಗಳನ್ನೆಲ್ಲ ಒಟ್ಟುಮಾಡಿ ಹೊಳೆಗೆ ಎಸೆದ. ಬೈದರು. ಮೂರನೆಯ ವಾರಕ್ಕೆ ಅವನ ಹಿಂದೆ ಕೋಳಿಮರಿಗಳಂತೆ ನಡೆಯುವುದನ್ನು ಕಲಿತರು. ಅವರಲ್ಲಿ ವಿಲ್ಫ್ ಎಂಬ ಕಲ್ಲಿದ್ದಲ ಗಣಿಯ ಊರಿನ ಹುಡುಗ ಯಾವಾಗಲೂ ಅವನ ಬೆನ್ನಿಗೇ. ಡಬ್ಬಿಯ ಮಾಂಸ ಹಂಚಿಕೊಳ್ಳುತ್ತಿದ್ದ, ಮನೆಯಿಂದ ಬಂದ ಕಾಗದ ಓದಿ ಹೇಳುತ್ತಿದ್ದ. ಒಂದಕ್ಷರ ಅರ್ಥವಾಗದಿದ್ದರೂ ಎಂಪಲಿಂಗ್ ತಲೆಯಾಡಿಸುತ್ತಿದ್ದ.

ಆ ಹೆಜ್ಜೆ ಸಿಕ್ಕಿದ್ದು ಎರಡನೆಯ ವರ್ಷ, ಮಳೆ ಬಿಟ್ಟ ಮಾರನೆಯ ದಿನ, ತೊರೆಯ ದಂಡೆಯ ಕೆಸರಿನಲ್ಲಿ. ರಬ್ಬರ್ ಬೂಟು, ಸಣ್ಣ ಪಾದ, ಗಿಡ್ಡ ಹೆಜ್ಜೆ, ಆಳವಾದ ಗುರುತು. ಸ್ವಲ್ಪ ದೂರಕ್ಕೊಮ್ಮೆ ಕೂತು ಎದ್ದ ಜಾಗ. "ಒಬ್ಬ ಕುಳ್ಳ. ಬೆನ್ನ ಮೇಲೆ ಭಾರ ಇದೆ, ಅಕ್ಕಿಯೋ ಗುಂಡೋ. ಸುಸ್ತಾಗಿದಾನೆ" ಎಂದು ಸಾಹೇಬನಿಗೆ ಹೇಳಿದ. ಹೇಳಿಯಾದ ಮೇಲೆ ಇನ್ನೊಮ್ಮೆ ಬಗ್ಗಿ ನೋಡಿದರೆ ಒಂದು ಸಂಗತಿ ಮುಳ್ಳಿನಂತೆ ಚುಚ್ಚಿತು. ಬೆನ್ನ ಮೇಲೆ ಹೊರೆ ಹೊತ್ತವನು ಮುಂದಕ್ಕೆ ಬಾಗುತ್ತಾನೆ; ಬೆರಳ ಕಡೆ ಮಣ್ಣು ಕುಸಿಯುತ್ತದೆ. ಈ ಹೆಜ್ಜೆ ಕುಸಿದದ್ದು ಹಿಮ್ಮಡಿಯಲ್ಲಿ.

ಆದರೆ ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು. ಹನ್ನೆರಡು ಜನ ಅವನ ಹಿಂದೆ ನಿಂತಿದ್ದರು. ಹೆಜ್ಜೆ ಓದುವವನು ಒಮ್ಮೆ ಹೇಳಿದ್ದನ್ನು ತಿರುಗಿಸಿದರೆ ಆಮೇಲೆ ಅವನನ್ನು ನಂಬಿ ಯಾರೂ ಕಾಲೆತ್ತುವುದಿಲ್ಲ. ಹಿಂದಕ್ಕೆ ವಾಲಿ ನಡೆಯುವ ಗಂಡಸರೂ ಇರಬಹುದು ಎಂದುಕೊಂಡು ಮುಂದೆ ನಡೆದ. ಅಂಥ ಹೆಜ್ಜೆ ಅವನು ಕಾಣದ್ದೇನಲ್ಲ. ಅವನ ಮನೆಯಿಂದ ತೊರೆಗೆ ಇಳಿಯುವ ದಾರಿಯಲ್ಲಿ ದಿನವೂ ಬೀಳುತ್ತಿತ್ತು. ಆದರೆ ಹೆಂಗಸರು ನೀರು ತರುವ ದಾರಿಯನ್ನು ಯಾವ ಗಂಡಸು ಬಗ್ಗಿ ಓದುತ್ತಾನೆ?

ಮಧ್ಯಾಹ್ನದ ಹೊತ್ತಿಗೆ ಜರಿಗಿಡಗಳ ಆಚೆ ಏನೋ ಅಲುಗಿತು. ಮುಂದಿದ್ದವನು ಅವನು; ಕೋವಿ ಹಾರಿಸಿದವನೂ ಅವನೇ. ಹತ್ತಿರ ಹೋಗಿ ನೋಡಿದರೆ ಬೆನ್ನ ಮೇಲೆ ಯಾವ ಹೊರೆಯೂ ಇರಲಿಲ್ಲ. ಹೆಂಗಸು. ದಿನ ತುಂಬುತ್ತ ಬಂದಿದ್ದ ಬಸುರಿ.

ವಿಲ್ಫ್ ತನ್ನ ಮಳೆಯಂಗಿ ಕಳಚಿ ಅವಳ ಮೇಲೆ ಹೊದಿಸಿದ. ಹಿಂದಿನಿಂದ ಬಂದ ಜೆಲುವನ್ ಅಂಚು ಎತ್ತಿ ನೋಡಿ, ಮತ್ತೆ ಮುಚ್ಚಿ, "ಈ ಸುದ್ದೀನ ಊರಿಗೆ ಒಯ್ಯೋದು ಬೇಡ ಕಣೋ" ಎಂದ. ಅದೊಂದೇ ಮಾತು. ಬಸುರಿಯ ಗಂಡ ಒಂದು ಹಾವನ್ನೂ ಹೊಡೆಯಬಾರದು, ಒಂದು ಮೊಳೆಯನ್ನೂ ಬಡಿಯಬಾರದು ಎನ್ನುವ ಜನ ಅವರದು.

ಊರಿಗೆ ಬಂದ ಮೇಲೆ ಎಂಪಲಿಂಗ್ ಕೊಂದವರು ಬೆರಳಿಗೆ ಹಾಕಿಸಿಕೊಳ್ಳುವ ಹಚ್ಚೆಯನ್ನು ಹಾಕಿಸಿಕೊಳ್ಳಲಿಲ್ಲ. ಲೆಮಿಯಾಳನ್ನು ಮದುವೆಯಾದ. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಒಂದು ಬೆಳಿಗ್ಗೆ ಸ್ನಾನಕ್ಕೆ ಇಳಿದವನಿಗೆ ತೊರೆಯ ಕೆಸರಿನಲ್ಲಿ ಹಿಮ್ಮಡಿ ಕುಸಿದ ಅವಳ ಹೆಜ್ಜೆ ಕಂಡಿತು. ಅಂದೇ ಅಕ್ಕಿ, ಉಪ್ಪು ಕಟ್ಟಿಕೊಂಡು ಮೆಣಸಿನ ತೋಟದ ಗುಡಿಸಲಿಗೆ ಹೋದವನು, ಮಗು ಹುಟ್ಟಿ ತಿಂಗಳಾದ ಮೇಲೆ ಬಂದ. ಎರಡನೆಯದಕ್ಕೆ ಮರದ ಕೆಲಸವೆಂದು ದೂರದ ನದಿಗೆ ಹೋದ. ಮೂರನೆಯದಕ್ಕೆ ನೆಪವನ್ನೂ ಹೇಳಲಿಲ್ಲ. ಲೆಮಿಯಾ ಮೂರನ್ನೂ ಸುಲಾಂಗಳ ಕೈ ಹಿಡಿದು ಹೆತ್ತಳು. ಅವಳು ಜಗಳಗಂಟಿಯಲ್ಲ. ಒಮ್ಮೆ ಮಾತ್ರ, ಅಕ್ಕಿ ಕೇರುತ್ತ, ಮೊರದಿಂದ ಕಣ್ಣೆತ್ತದೆ ಕೇಳಿದ್ದಳು: "ಬಸುರಾದ್ರೆ ನನ್ನ ಮೈ ನಿಮಗೆ ಅಸಹ್ಯವಾ?" ಅವನು, "ಏನೇನೋ ಮಾತಾಡಬೇಡ" ಎಂದು ಎದ್ದುಹೋಗಿದ್ದ. ಅವಳು ಮತ್ತೆ ಕೇಳಲಿಲ್ಲ.

ಸಂಜೆಗಳನ್ನು ಅವನು ಕಳೆದದ್ದು ಜೆಲುವನ್ ಜೊತೆ. ಜಗಲಿಯ ಕಂಬಕ್ಕೆ ಒರಗಿ ಇಬ್ಬರೂ ಅವೇ ಕತೆಗಳನ್ನು ಹೇಳಿಕೊಳ್ಳುತ್ತಿದ್ದರು. ವಿಲ್ಫನ ಬೂಟಿನಲ್ಲಿ ಹನ್ನೊಂದು ಜಿಗಣೆ ಸಿಕ್ಕಿದ್ದು, ಸಾಹೇಬ ಜೇನುಗೂಡಿನ ಕೆಳಗೆ ನಕ್ಷೆ ಬಿಡಿಸಿಕೊಂಡು ಕೂತದ್ದು. ಆ ಎರಡನೆಯ ವರ್ಷದ ಮಳೆಯ ಹತ್ತಿರ ಬಂದಾಗ ಒಬ್ಬ ಕೆಮ್ಮುತ್ತಿದ್ದ, ಇನ್ನೊಬ್ಬ ಹೊಗೆಸೊಪ್ಪಿನ ಎಲೆ ಸುರುಳಿ ಸುತ್ತುತ್ತಿದ್ದ, ಕತೆ ಒಂದು ಹಳ್ಳ ಹಾರಿದಂತೆ ಮೂರನೆಯ ವರ್ಷಕ್ಕೆ ಹಾರುತ್ತಿತ್ತು. ಆ ಹಳ್ಳ ಎಲ್ಲಿದೆಯೆಂದು ಗೊತ್ತಿದ್ದ ಒಬ್ಬ ಮನುಷ್ಯ ಪಕ್ಕದಲ್ಲಿ ಕೂತಿದ್ದಾನೆ ಎನ್ನುವುದೇ ಎಂಪಲಿಂಗನಿಗೆ ಸಾಕಾಗಿತ್ತು. ಈಗ ಕಂಬದ ಬುಡದಲ್ಲಿ ಅವನೊಬ್ಬನೇ.

ಹಬ್ಬಕ್ಕೆ ಎರಡು ತಿಂಗಳಿರುವಾಗ ಬಿಳಿಯರು ಬಂದರು. ಐದು ಜನ ಮುದುಕರು, ಒಂದು ಸಣ್ಣ ಬಸ್ಸಿನಲ್ಲಿ. ಒಬ್ಬನಿಗೆ ಊರುಗೋಲು, ಇನ್ನೊಬ್ಬನ ಕಿವಿಗೆ ಯಂತ್ರ. ಹಳೆಯ ಕಾಡಿನ ಗೆಳೆಯರನ್ನು ಬದುಕಿರುವಾಗಲೇ ನೋಡಬೇಕೆಂದು ಬಂದವರು. ಏಣಿ ಹತ್ತಿ ಬಂದ ದಪ್ಪ ಮುದುಕನೊಬ್ಬ ಎಂಪಲಿಂಗನ ಎದುರು ನಿಂತು, ಜೇಬಿನಿಂದ ಒಂದು ಸೋಪು ತೆಗೆದು, ಜಗಲಿಯಿಂದಾಚೆ ಬೀಸಿ ಎಸೆದ. ಎಂಪಲಿಂಗ್ ಅವನ ಮುಖವನ್ನೊಮ್ಮೆ ನೋಡಿದ. "ವಿಲ್ಫ್!" ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಬಿಡಲೇ ಇಲ್ಲ.

ಕೋಳಿಯನ್ನು ಬಿದಿರಲ್ಲಿ ಬೇಯಿಸಿದರು, ಹೆಂಡ ಸುತ್ತು ಬಂತು. ಮೇಷ್ಟರಾಗಿದ್ದ ಉಂಜಾ ಎರಡೂ ಕಡೆಯ ಮಾತು ದಾಟಿಸುತ್ತಿದ್ದ.

"ಜೆಲುವನ್ ಎಲ್ಲಿ?"

"ಹೋದ. ಕಳೆದ ಮಳೆಗಾಲ."

ವಿಲ್ಫ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಜಿಗಣೆಯ ಕತೆ ಬಂತು, ಜೇನುಗೂಡಿನದು ಬಂತು. ಮನೆಯ ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. "ಅಂದ್ರೆ ಇವನು ನಿಜವಾಗ್ಲೂ ಕಾಡಿಗೆ ಹೋಗಿದ್ದನಾ? ನಾವು ಅಡುಗೆ ಮಾಡೋಕೆ ಹೋಗಿದ್ದ ಅಂದ್ಕೊಂಡಿದ್ವಿ" ಎಂದು ಸುಲಾಂಗ್ ಚುಚ್ಚಿದಳು. ಉಂಜಾ ಅದನ್ನೂ ದಾಟಿಸಿದ. ವಿಲ್ಫ್ ನಗಲಿಲ್ಲ. ಗೆಳೆಯನ ಮಾನ ತನ್ನ ಕೈಯಲ್ಲಿದೆ ಎಂಬಂತೆ ನೆಟ್ಟಗೆ ಕೂತು ಹೇಳಿದ: "ಯಾವಾಗಲೂ ಮುಂದೆ ಇದ್ದೋನು ಇವನು. ಅವತ್ತು ಮೊದಲು ಗುಂಡು ಹಾರಿಸಿದ್ದು ಇವನೇ. ನಾನು ಇವನ ಹಿಂದೆಯೇ ಇದ್ದೆ. ಒಂದೇ ಗುಂಡು. ಶತ್ರು ಅಲ್ಲೇ ಬಿದ್ದಿದ್ದು."

ಉಂಜಾ ದಾಟಿಸಲು ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ಜಗಲಿ ಅದುರುವಂತೆ ಕೂಗಿದ. "ಕೇಳಿದ್ರೇನ್ರೋ! ನಮ್ಮ ಮಾವ ಕೊಂದಿದಾರಂತೆ! ಐವತ್ತು ವರ್ಷ ಹೊಟ್ಟೆಯೊಳಗೆ ಇಟ್ಕೊಂಡಿದ್ರಂತೆ!"

ಕೂಗಾಟ, ಜಾಗಟೆಯ ಬಡಿತ. ಯಾರೋ ಅವನ ಕೊರಳಿಗೆ ಕೈ ಹಾಕಿದರು, ಯಾರೋ ಬಟ್ಟಲು ತುಂಬಿದರು. ಎಂಪಲಿಂಗ್ ಮಾತ್ರ ವಿಲ್ಫನ ಕಡೆ ನೋಡಿದ. ವಿಲ್ಫನ ಮುಖ ನಿಧಾನವಾಗಿ ಬಿಳಿಚಿಕೊಳ್ಳುತ್ತಿತ್ತು.

ಮಾರನೆಯ ಬೆಳಿಗ್ಗೆ ಸ್ನಾನಕ್ಕೆಂದು ಇಬ್ಬರೇ ತೊರೆಗೆ ಇಳಿದರು. ಕಾಡಿನಲ್ಲಿ ಕಲಿತು ಅರ್ಧ ಮರೆತಿದ್ದ ಸಂತೆಯ ಮಲಯ್ ಮಾತಿನಲ್ಲೇ ಮಾತಾಡಿಕೊಂಡರು.

"ನಾನು ಹೇಳಬಾರದಿತ್ತು" ಎಂದ ವಿಲ್ಫ್.

"ಅರ್ಧ ಹೇಳಿದೆ."

"ಇನ್ನರ್ಧಕ್ಕೆ ನನಗೆ ಮಾತು ಬರಲ್ಲ." ನೀರಲ್ಲಿ ಕೈ ಅದ್ದಿದ. "ನನ್ನ ಭಾಷೆಯಲ್ಲೂ ಬರಲಿಲ್ಲ. ಹೆಂಡತಿ ಹೋದಳು. ಅವಳಿಗೆ ಹೇಳಲಿಲ್ಲ. ಮೊದಲ ಮಗು ಹುಟ್ಟಿದಾಗ ಆಸ್ಪತ್ರೆ ಹೊರಗೆ ಲಾರಿಯಲ್ಲಿ ಕೂತಿದ್ದೆ. ಒಳಗೆ ಹೋಗೋಕೆ ಆಗಲಿಲ್ಲ. ಅವಳು ಬೇರೆ ಏನೋ ಅಂದುಕೊಂಡಳು."

ಎಂಪಲಿಂಗ್ ಒಂದು ನುಣುಪು ಕಲ್ಲು ಹೆಕ್ಕಿ, ಜೆಲುವನ್ನನ ಬೆನ್ನು ಉಜ್ಜುತ್ತಿದ್ದ ಹಾಗೆ ವಿಲ್ಫನ ಬೆನ್ನು ಉಜ್ಜಿದ. ಅಗಲವಾದ, ಮಚ್ಚೆಗಳ ಮುದಿ ಬೆನ್ನು. ಹತ್ತು ಗಂಟೆಗೆ ಬಸ್ಸು ಹೊರಟಿತು. ಇನ್ನೊಮ್ಮೆ ಸಿಗೋಣ ಎಂದು ಇಬ್ಬರೂ ಹೇಳಲಿಲ್ಲ.

ಆಮೇಲಿನ ಎರಡು ತಿಂಗಳು ಅಜ್ಜನನ್ನು ಯಾರೂ ಒಂಟಿಯಾಗಿ ಬಿಡಲಿಲ್ಲ. ಅವನು ಅಷ್ಟು ಒಂಟಿಯಾಗಿ ಹಿಂದೆಂದೂ ಇರಲಿಲ್ಲ. ಹುಡುಗರು ಕತೆ ಹೇಳಿ ಎಂದು ಸುತ್ತುಗಟ್ಟುತ್ತಿದ್ದರು. ಲೆಮಿಯಾಳ ಪಾಲಿನದು ಈಗ ಗಂಡನಿಗೇ ಎಂದು ತೀರ್ಮಾನವಾಗಿಹೋಗಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ. ಆದರೆ ಒಂದು ದಿನ ಉಂಜಾನನ್ನು ಪಕ್ಕಕ್ಕೆ ಕರೆದು, "ಏನೇನು ಹೇಳ್ಬೇಕು?" ಎಂದು ಕೇಳಿದ.

"ಮಲಯಾದ ಕಾಡಲ್ಲಿ ಶತ್ರು ಒಬ್ಬನ್ನ ಹೊಡೆದೆ ಅನ್ನಿ. ಸಾಕು ಮಾವ. ಉಳಿದಿದ್ದನ್ನ ಯಾರು ಕೆದಕ್ತಾರೆ?"

ಪೂರ್ತಿ ಸುಳ್ಳಲ್ಲ. ವರ್ಷ ದಾಟಬಹುದು. ಆದರೆ ಅಂದು ಕೇಳಲು ಲೆಮಿಯಾ ಬಂದಿರುತ್ತಾಳೆ, ಕೊನೆಯ ಸಲ.

ಜೊತೆಯಲ್ಲಿ ಇದ್ದವಳು ಮೊಮ್ಮಗಳು ಜವಾಯ್. ಗಂಡ ಮಿರಿ ಪಟ್ಟಣದ ಎಣ್ಣೆ ಕಂಪನಿಯಲ್ಲಿ. ಕೈಯಲ್ಲಿ ಮೂರು ವರ್ಷದ ಮಗಳು, ಹೊಟ್ಟೆಯಲ್ಲಿ ಎಂಟು ತಿಂಗಳು. ಬಿಸಿಲಿಗೆ ಮೆಣಸು ಹರಡುತ್ತ, ಮಗಳು ಕಾಳು ಮೂಗಿಗೆ ತುರುಕಿಕೊಳ್ಳದಂತೆ ಒಂದು ಕಣ್ಣಿಟ್ಟುಕೊಂಡು, ಅಜ್ಜ ಅಕ್ಕಿ ಉಪ್ಪು ಕಟ್ಟುತ್ತಿರುವುದನ್ನು ಅವಳು ನೋಡಿದಳು.

"ಎಲ್ಲಿಗೆ? ತೋಟದ ಗುಡಿಸಲಿಗಾ?"

"ಹಂದಿ ಬರ್ತಿವೆ ಅಂತ."

"ಹಂದಿ ಪ್ರತಿ ವರ್ಷ ಬರುತ್ತೆ. ನೀವು ಹೋಗೋದು ಮನೇಲಿ ಬಸುರಿ ಇದ್ದಾಗ ಮಾತ್ರ. ಅಮ್ಮ ಹೇಳಿದಾಳೆ. ಇವಳು ಹೊಟ್ಟೇಲಿದ್ದಾಗ್ಲೂ ಹೋಗಿದ್ರಿ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮೆಣಸು ಹರಡುತ್ತಲೇ ಇದ್ದಳು. "ಹಬ್ಬದ ತನಕ ಎಲ್ಲೂ ಹೋಗ್ಬೇಡಿ ಅಜ್ಜ. ಅಜ್ಜಿಗೆ ನೀವು ಬೇಕು. ಕೆಳಗಿರೋ ಆ ಗೋಣಿ ಎತ್ತೋಕೆ ನಂಗೂ ಬೇಕು."

ಅವನು ಗಂಟು ಬಿಚ್ಚಿದ. ಗೋಣಿ ಎತ್ತಿ ಕೊಟ್ಟ. ಅವಳ ಮುಖ ನೋಡಲಿಲ್ಲ.

ಹಬ್ಬದ ಕೊನೆಯ ಬೆಳಗು. ಇಡೀ ಇರುಳು ಹಾಡಿ ಕರೆದು ಕೂರಿಸಿದ್ದ ಸತ್ತವರು ಹೊರಡುವ ಹೊತ್ತು. ಕೋಳಿ ಕೂಗಿ, ಜಗಲಿಯ ಅಂಚಿಗೆ ಬೂದು ಬೆಳಕು ಬಂದಿತ್ತು. ಗಾನಿ ಮೊದಲು ಕುಡಿದ, ಎದೆ ಬಡಿದುಕೊಂಡು ಹೇಳಿ, ಗಂಟಲು ಹರಿಯುವಂತೆ ಕೂಗಿ. ಮನೆಯವರೂ ಮರುಕೂಗು ಕೊಟ್ಟರು. ಆಮೇಲೆ ಸುಲಾಂಗ್ ಲೆಮಿಯಾಳ ಬುಟ್ಟಿಯನ್ನು ಎಂಪಲಿಂಗನ ಕೈಗಿಟ್ಟಳು. ಕೊಳವೆ ತಣ್ಣಗಿತ್ತು.

"ಮಲಯಾದ ಕಾಡಲ್ಲಿ" ಎಂದ. ಧ್ವನಿ ಏಳಲಿಲ್ಲ. ಇನ್ನೊಮ್ಮೆ ಹೇಳಿದ. "ಮಲಯಾದ ಕಾಡಲ್ಲಿ ನಾನು ಕೊಂದಿದ್ದು ಗಂಡಸನ್ನಲ್ಲ. ಹೆಂಗಸು. ಕೈಯಲ್ಲಿ ಕೋವಿ ಇರಲಿಲ್ಲ. ದಿನ ತುಂಬಿದ ಬಸುರಿ. ನಾನು ಹೆಜ್ಜೆ ತಪ್ಪು ಓದಿದೆ. ತಪ್ಪು ಅಂತ ಅನ್ನಿಸ್ತು. ಅನ್ನಿಸಿದ್ ಮೇಲೂ ಮುಂದೆ ನಡೆದೆ."

ಜಗಲಿಯ ಉದ್ದಕ್ಕೂ ಬಡಿಯುತ್ತಿದ್ದ ಜಾಗಟೆಗಳು ಒಂದೊಂದಾಗಿ ನಿಂತವು. ಎಲ್ಲೋ ಒಂದು ಮಗು ಅತ್ತಿತು, ತಾಯಿ ಅದರ ಬಾಯಿಗೆ ಮೊಲೆ ಕೊಟ್ಟಳು.

"ಲೆಮಿಯಾ ಮೂರು ಸಲ ಹೆತ್ತಾಗಲೂ ನಾನು ಓಡಿಹೋದೆ. ಅವಳ ಮೇಲಿನ ಅಸಹ್ಯಕ್ಕಲ್ಲ. ಅವಳು ಕೇಳಿದಾಗ ಹೇಳಲಿಲ್ಲ. ಇಷ್ಟೇ. ಇದು ನನಗೆ ಸಲ್ಲದು ಅಂದ್ರೆ ಗಾನೀಗೆ ಕೊಡಿ."

ಬುಟ್ಟಿ ಚಾಚಿ ಹಿಡಿದ. ಗಾನಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. "ನಾನು ಮುಟ್ಟಲ್ಲ. ಅವಳ ಗಂಡ ಇದಾನಲ್ಲ" ಎಂದ. ಜೀವಮಾನದಲ್ಲಿ ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿರಲಿಲ್ಲ. ಉಂಜಾ ನೆಲ ನೋಡುತ್ತಿದ್ದ. ಕೊನೆಗೆ ಸುಲಾಂಗ್ ಬಾಯಿ ತೆರೆದಳು. ಈ ಸಲ ಗೇಲಿ ಇರಲಿಲ್ಲ.

"ಬೆಳಕಾಗ್ತಿದೆ. ಅವಳು ಹೊರಟು ನಿಂತಿದಾಳೆ. ಕುಡಿ."

ಅವನು ಕುಡಿದ. ಹೆಂಡ ಹುಳಿ ಬಂದಿತ್ತು. ಕುಡಿದಾದ ಮೇಲೆ ಕೂಗಬೇಕು. ಅವನೂ ಕೂಗಲಿಲ್ಲ, ಬೇರೆ ಯಾರೂ ಮರುಕೂಗು ಕೊಡಲಿಲ್ಲ. ಉಂಜಾ ಕೈಸನ್ನೆ ಮಾಡಿ ಜಾಗಟೆ ಶುರುಮಾಡಿಸಿದ. ಗಾನಿ ಮುಂದಿನ ಬುಟ್ಟಿಗೆ ಎದ್ದ.

ಅಜ್ಜ ಚಾಪೆಯ ಮೇಲೆ ಕೂತ. ಎರಡೂ ಪಕ್ಕದವರು ಒಂದಿಷ್ಟು ಸರಿದು ಕೂತರು. ತಿರಸ್ಕಾರದಿಂದಲ್ಲ. ಏನು ಹೇಳಬೇಕೆಂದು ತೋಚದೆ ಸರಿದದ್ದು. ಬಿಸಿಲೇರುವ ಹೊತ್ತಿಗೆ ಜವಾಯ್ ಬಂದು, ಒಂದು ಕೈ ನೆಲಕ್ಕೂರಿ, ನಿಧಾನವಾಗಿ ಎದುರು ಕೂತಳು.

"ಎಷ್ಟು ತಿಂಗಳಾಗಿತ್ತು ಅವಳಿಗೆ?"

ಅವನು ಮೊದಲ ಬಾರಿ ಅವಳನ್ನು ಇಡಿಯಾಗಿ ನೋಡಿದ. "ನಿನ್ನಷ್ಟೇ ಇರಬೇಕು."

ಜವಾಯ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಹೇಳಿದಳು. "ಅಜ್ಜಿ ಸಾಯೋ ತನಕ ತನ್ನಲ್ಲೇ ಏನೋ ಕೊರತೆ ಇದೆ ಅಂದ್ಕೊಂಡಿದ್ರಂತೆ. ಅಮ್ಮನ ಹತ್ರ ಅಂದಿದ್ರಂತೆ. ಹೇಳಬಾರದಿತ್ತಾ ಅಜ್ಜ, ಒಂದು ಮಾತು?" ಅವಳು ಮತ್ತೆ ಕೈಯೂರಿ ಎದ್ದಳು. "ಈಗ ಕೇಳಿಸ್ಕೊಂಡಿರ್ತಾರೆ, ಬಿಡಿ. ಇಲ್ಲೇ ಇದ್ರಲ್ಲ. ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳಿ, ಬರೀ ಹೊಟ್ಟೇಲಿ ಹೆಂಡ ಕುಡಿದಿದೀರಿ."

ಜನ ಗೋರಿಗಳ ಮೇಲಿಡುವ ಪುಟ್ಟ ಮರದ ಮನೆಗಳನ್ನು ಹೊತ್ತು ಏಣಿ ಇಳಿಯುತ್ತಿದ್ದರು. ಲೆಮಿಯಾಳದನ್ನು ಉಂಜಾ ಹೊತ್ತಿದ್ದ. ಅಜ್ಜ ಎದ್ದು ಅವನ ಹಿಂದೆ ನಡೆದ. ಗೋರಿಯ ಮೇಲೆ ಮನೆ ಕೂರಿಸಿ, ಅಲುಗಾಡದಂತೆ ಬುಡಕ್ಕೆ ಕಲ್ಲಿಟ್ಟು, ಎಲ್ಲರೂ ಹಿಂತಿರುಗಿದರು. ಅವನು ನಿಂತೇ ಇದ್ದ. ಇಂದಿನಿಂದ ಅವಳಿಗೆಂದು ಅನ್ನ ಇಡುವಂತಿಲ್ಲ, ಕರೆಯುವಂತಿಲ್ಲ.

ಕೇಳಿ ಏನೆಂದಿರಬಹುದು ಅವಳು? ಬೈದಳೋ, ಸುಮ್ಮನೆ ಮೊರದ ಕಡೆ ಮುಖ ತಿರುಗಿಸಿದಳೋ? ಅವಳು ಬೈದರೆ ಹೇಗೆ ಬೈಯುತ್ತಿದ್ದಳು ಎಂದು ಆ ಧ್ವನಿಯನ್ನು ನೆನೆಸಿಕೊಳ್ಳಲು ನೋಡಿದ. ಒಂಬತ್ತು ವರ್ಷವಾಗಿತ್ತು. ಧ್ವನಿ ಸರಿಯಾಗಿ ಸಿಗಲಿಲ್ಲ.